ಕಫ ನಿಂತಲ್ಲೇ ಸೋಂಕು

ಕೇಳುಗರೆಲ್ಲರಿಗೂ ನಮಸ್ಕಾರ.

ಗಾಜಿನ ಲೋಟದಲ್ಲಿ ಕಫ ಹಿಡಿದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ, ಕೆಲವರದ್ದು ಮೂರು ಪದರವಾಗಿ ನಿಲ್ಲುತ್ತದೆ. ಮೇಲೆ ನೊರೆ, ನಡುವೆ ನೀರಾದ ಲೋಳೆ, ತಳದಲ್ಲಿ ಗಟ್ಟಿ ಕೀವು. ಕೇಳೋದಕ್ಕೇ ಹೇಸಿಗೆ, ಅಲ್ವಾ? ಆದರೆ ಸಿಟಿ ಸ್ಕ್ಯಾನ್ ಇಲ್ಲದ ಕಾಲದಲ್ಲಿ ಬ್ರಾಂಕಿಯೆಕ್ಟಸಿಸ್ ಇರಬಹುದೆಂಬ ಸುಳಿವು ವೈದ್ಯರಿಗೆ ಹೀಗೂ ಸಿಗುತ್ತಿತ್ತು. ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1819ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದರು.

ಇದರಲ್ಲಿ ಉಸಿರಿನ ಕೊಳವೆಗಳು ಹಿಗ್ಗಿ ಹಾಗೇ ಉಳಿದುಬಿಡುತ್ತವೆ. ಹಿಂದೆಂದೋ ಬಂದ ಕ್ಷಯ, ದಡಾರ, ನಾಯಿಕೆಮ್ಮು, ಜೋರು ನ್ಯುಮೋನಿಯಾ ಕಾರಣ ಇರಬಹುದು. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಕೊಳವೆಯ ಒಳಗೋಡೆಯ ಸಣ್ಣ ಸಣ್ಣ ಎಳೆಗಳು ಕಫವನ್ನು ಮೇಲಕ್ಕೆ ತಳ್ಳುತ್ತಿರಬೇಕು. ಅವು ಸೋತರೆ ಕಫ ಅಲ್ಲೇ ನಿಲ್ಲುತ್ತದೆ. ನಿಂತ ನೀರಿಗೆ ಪಾಚಿ ಕಟ್ಟಿದ ಹಾಗೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸೋಂಕಾದಷ್ಟೂ ಕೊಳವೆ ಹಾಳು, ಕೊಳವೆ ಹಾಳಾದಷ್ಟೂ ಮತ್ತೆ ಸೋಂಕು.

ಈ ಕಫದಲ್ಲಿ ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾ ಸಿಗುವುದು ಸಾಮಾನ್ಯ. ಹೆಸರು ಹೀಗಿದ್ದರೂ ಫ್ಲೂ ಇದರಿಂದ ಬರುವುದಲ್ಲ. ಹಟಮಾರಿ ಅಂದರೆ ಸೂಡೊಮೊನಾಸ್. ಸುತ್ತ ಲೋಳೆಯ ಪೊರೆ ಕಟ್ಟಿಕೊಂಡು ಔಷಧಿಯಿಂದ ತಪ್ಪಿಸಿಕೊಳ್ಳುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಗಳೂ ಇವೆ. ಮಣ್ಣು, ನೀರಿನಲ್ಲಿ ಇರುವಂಥವು. ಅಜಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ತಿಂಗಳುಗಟ್ಟಲೆ ಕೊಡುವ ಮೊದಲು ಇವು ಇಲ್ಲವೆಂದು ನೋಡಿಕೊಳ್ಳಲೇಬೇಕು. ಇದ್ದಾಗ ಅದೊಂದನ್ನೇ ಕೊಟ್ಟರೆ, ಮುಂದೆ ಆ ಔಷಧಿಗೇ ಅವು ಬಗ್ಗುವುದಿಲ್ಲ.

ಅದಕ್ಕೇ ನಾನು ಇವತ್ತು ಬೇಡಿಕೊಳ್ಳುವುದು ಇಷ್ಟೇ. ಈ ಕಾಯಿಲೆ ಇರುವ ನಿಮಗೆ ಕೆಮ್ಮು ಜಾಸ್ತಿಯಾಗಿ, ಕಫದ ಬಣ್ಣ ಬದಲಾಗಿ, ಸುಸ್ತು ಹೆಚ್ಚಿ ಎರಡು ದಿನ ಕಳೆಯಿತು ಅಂದುಕೊಳ್ಳಿ. ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಸುಮ್ನೆ ನುಂಗಬೇಡಿ. ಮೊದಲ ಮಾತ್ರೆಗೆ ಮುಂಚೆ ಕಫದ ಸ್ಯಾಂಪಲ್ ಕೊಡಿ. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆಯಿರಿ. ಎಂಜಲು ಕೊಟ್ಟರೆ ಏನೂ ತಿಳಿಯುವುದಿಲ್ಲ. ರಿಪೋರ್ಟ್ ಬರುವ ತನಕ ಕಾಯಬೇಕಿಲ್ಲ, ವೈದ್ಯರು ಔಷಧಿ ಶುರು ಮಾಡುತ್ತಾರೆ. ಸಾಮಾನ್ಯವಾಗಿ 14 ದಿನದ ಕೋರ್ಸ್. ಐದನೇ ದಿನಕ್ಕೆ ಹಾಯೆನಿಸಿತು ಅಂತ ನಿಲ್ಲಿಸಿಬಿಡಬೇಡಿ. ಕಫದಲ್ಲಿ ರಕ್ತ ಜಾಸ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸೋಂಕಿಲ್ಲದ ದಿನಗಳಲ್ಲೂ ಕಫ ತೆಗೆಯುವ ಕೆಲಸ ತಪ್ಪಿಸಬೇಡಿ. ಫಿಸಿಯೋಥೆರಪಿಸ್ಟ್ ಒಮ್ಮೆ ಕಲಿಸಿದರೆ ಸಾಕು. ನಿಧಾನವಾಗಿ ಉಸಿರೆಳೆದು, ಕನ್ನಡಿಗೆ ಹಬೆ ಹಿಡಿಸುವ ಹಾಗೆ ಬಾಯಿ ತೆರೆದು ‘ಹಾ’ ಎಂದು ಊದುವುದು. ಒಂದೆರಡು ಸಲ ಊದುವಷ್ಟರಲ್ಲಿ ಎದೆಯೊಳಗಿನ ಗೊರಗೊರ ಗಂಟಲ ಹತ್ತಿರ ಬರುತ್ತದೆ. ಆಗ ಒಂದೇ ಒಂದು ಸಲ ಕೆಮ್ಮಿ.

ನಮಸ್ಕಾರ.