ಹಿಂದಿನ ಬೆಂಚಿನಿಂದ ಬುಟ್ಟಿ ಎಷ್ಟು ದೂರ?

ಕೇಳುಗರೆಲ್ಲರಿಗೂ ನಮಸ್ಕಾರ. ಪಾಠ ಮಾಡುವವರ ಜೊತೆ, ಮಕ್ಕಳ ಶಿಬಿರ ನಡೆಸುವವರ ಜೊತೆ ಇವತ್ತು ಸ್ವಲ್ಪ ಮಾತಾಡಬೇಕು ಅಂದುಕೊಂಡಿದ್ದೇನೆ. ಅಪ್ಪ ಅಮ್ಮಂದಿರೂ ಕೇಳಬಹುದು.

ನಾನು ಯಾರು? ನಾನು ಕೇಳದೆಯೇ ನನಗೆ ಸಿಕ್ಕಿದ್ದು ಏನೇನು? ಪಕ್ಕದವರಿಗೆ ಅದು ಯಾಕೆ ಸಿಗಲಿಲ್ಲ? ಈ ಪ್ರಶ್ನೆಗಳನ್ನು ಮಕ್ಕಳ ಮುಂದೆ ಇಡುವುದು ಹೇಗೆ? ‘ಎಲ್ಲರೂ ಸಮಾನರು’ ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು. ಆದ್ದರಿಂದಲೇ ಗುಂಪು ಚಟುವಟಿಕೆಗಳು ಬೇಕು. ಆದರೆ ಎಲ್ಲ ಚಟುವಟಿಕೆಯೂ ಒಳ್ಳೆಯದಲ್ಲ. ಕೆಲವು ಮಕ್ಕಳನ್ನು ನೋಯಿಸುತ್ತವೆ. ನೋವಾಗುವುದು ಹೆಚ್ಚಾಗಿ ಮೊದಲೇ ನೊಂದ ಮಕ್ಕಳಿಗೇ.

ಸುಲಭದ ಒಂದರಿಂದ ಶುರು ಮಾಡೋಣ. ಬೋರ್ಡಿನ ಕೆಳಗೆ ಒಂದು ಕಸದ ಬುಟ್ಟಿ ಇಡಿ. ಎಲ್ಲರಿಗೂ ಒಂದೊಂದು ಹಾಳೆ ಕೊಡಿ, ಮುದ್ದೆ ಮಾಡಿ ಉಂಡೆ ಕಟ್ಟಲಿ. ಯಾರೂ ಜಾಗ ಬಿಟ್ಟು ಏಳುವ ಹಾಗಿಲ್ಲ. ಕೂತಲ್ಲಿಂದಲೇ ಎಸೆಯಬೇಕು, ಯಾರ ಉಂಡೆ ಬುಟ್ಟಿಗೆ ಬಿತ್ತೋ ಅವರು ಗೆದ್ದ ಹಾಗೆ. ಆಮೇಲೆ ಸುಮ್ನೆ ನೋಡುತ್ತಾ ನಿಲ್ಲಿ. ಹಿಂದಿನ ಬೆಂಚಿನವರು ಎಸೆಯುವ ಮೊದಲೇ ‘ಇದು ಮೋಸ’ ಅಂತ ಕೂಗುತ್ತಾರೆ. ಮಧ್ಯದವರು ಕತ್ತು ಚಾಚಿ ಗುರಿ ನೋಡುತ್ತಾರೆ. ಮುಂದಿನ ಸಾಲಿನವರು ಕೈ ಚಾಚಿ ಹಾಕಿಬಿಡುತ್ತಾರೆ. ಎಲ್ಲ ಮುಗಿದ ಮೇಲೆ ಇಷ್ಟು ಮಾತ್ರ ಕೇಳಿ: ಮೋಸ ಅಂತ ಕೂಗಿದವರು ಯಾವ ಸಾಲಿನವರು? ಮುಂದೆ ಕೂತವರಲ್ಲಿ ಯಾರಾದರೂ ಕೂಗಿದರಾ? ತರಗತಿ ಒಂದು ಕ್ಷಣ ತಣ್ಣಗಾಗುತ್ತದೆ. ಮುಂದೆ ಕೂತವರಿಗೆ ಹಿಂದಿನ ಸಾಲು ಕಾಣುವುದೇ ಇಲ್ಲ. ಅವರ ಕಣ್ಣ ಮುಂದೆ ಇರುವುದು ಬುಟ್ಟಿ ಮಾತ್ರ.

ಆಗ ಮುಂದಿನ ಸಾಲಿನ ಹುಡುಗನೊಬ್ಬ, ‘ನಾನೂ ಸರಿಯಾಗಿ ಗುರಿ ಇಟ್ಟೇ ಎಸೆದೆ’ ಅನ್ನಬಹುದು. ಆ ಮಾತನ್ನು ಅಲ್ಲಗಳೆಯಬೇಡಿ. ಅವನು ಹೇಳಿದ್ದು ನಿಜ. ಅವನು ಗುರಿ ಇಟ್ಟಿದ್ದೂ ನಿಜ, ಹಿಂದಿನವಳಿಗೆ ಬುಟ್ಟಿ ಅಷ್ಟು ದೂರ ಇದ್ದದ್ದೂ ನಿಜ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ಆ ಹುಡುಗ ಕಲಿತರೆ ಅವತ್ತಿನ ಪಾಠ ಆಯಿತು. ಅವನಲ್ಲಿ ತಪ್ಪಿತಸ್ಥ ಭಾವ ಹುಟ್ಟಿಸಿ ಏನೂ ಪ್ರಯೋಜನವಿಲ್ಲ. ಯಾಕೆಂದರೆ ಆ ಜಾಗವನ್ನು ಅವನು ಕದ್ದಿಲ್ಲ.

ಈ ಆಟ ನನಗೆ ಇಷ್ಟವಾಗಲು ಒಂದು ಕಾರಣವಿದೆ. ಇಲ್ಲಿ ಯಾವ ಮಗುವೂ ತನ್ನ ಮನೆಯ ಕಥೆ ಹೇಳಬೇಕಿಲ್ಲ.

ಇನ್ನೊಂದು ಚಟುವಟಿಕೆ ಹಲವು ಕಡೆ ಬಳಕೆಯಲ್ಲಿದೆ. ಮಕ್ಕಳೆಲ್ಲ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ. ಶಿಕ್ಷಕರು ಒಂದೊಂದೇ ವಾಕ್ಯ ಓದುತ್ತಾರೆ. ನಿಮ್ಮ ಮನೆಯಲ್ಲಿ ಓದಲು ಬೇರೆ ಕೋಣೆ ಇದ್ದರೆ ಒಂದು ಹೆಜ್ಜೆ ಮುಂದೆ ಬನ್ನಿ. ಹಣವಿಲ್ಲದೆ ಯಾವತ್ತಾದರೂ ಊಟ ಬಿಟ್ಟಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ. ಕೊನೆಗೆ ಯಾರು ಎಲ್ಲಿದ್ದಾರೆ ನೋಡಿ ಅನ್ನುತ್ತಾರೆ. ಇದನ್ನು ಹೀಗೇ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಟ್ಟಕಡೆಗೆ ನಿಂತ ಹುಡುಗಿಗೆ ಈ ಆಟ ಏನು ಕಲಿಸಿತು? ತನ್ನ ಸ್ಥಿತಿ ಅವಳಿಗೆ ಮೊದಲೇ ಗೊತ್ತಿತ್ತು. ಈಗ ಅದು ಇಡೀ ತರಗತಿಗೆ ಗೊತ್ತಾಯಿತು, ಅಷ್ಟೇ. ಮುಂದೆ ನಿಂತವರು ಪಾಠ ಕಲಿಯಲಿ ಅಂತ ಅವಳ ಬದುಕನ್ನು ಪ್ರದರ್ಶನಕ್ಕೆ ಇಟ್ಟ ಹಾಗಾಯಿತು. ನ್ಯಾಯದ ಪಾಠ ಅನ್ಯಾಯದಿಂದ ಶುರುವಾಗಬಾರದು, ಅಲ್ವಾ?

ಇದಕ್ಕೊಂದು ಒಳ್ಳೆಯ ದಾರಿ ಇದೆ. ಯುರೋಪಿನ ದೇಶಗಳ ಸಂಘಟನೆಯಾದ ಯುರೋಪ್ ಮಂಡಳಿ (ಕೌನ್ಸಿಲ್ ಆಫ್ ಯುರೋಪ್) 2002ರಲ್ಲಿ ಮಾನವ ಹಕ್ಕುಗಳ ಶಿಕ್ಷಣಕ್ಕಾಗಿ ಹೊರತಂದ ಕೈಪಿಡಿಯಲ್ಲಿ ಇದೇ ಆಟವನ್ನು ಪಾತ್ರಗಳ ಚೀಟಿ ಕೊಟ್ಟು ಆಡಿಸುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಚೀಟಿ, ಅದನ್ನು ಬೇರೆಯವರಿಗೆ ತೋರಿಸುವ ಹಾಗಿಲ್ಲ. ನಾವೇ ಹೊಸ ಚೀಟಿ ಬರೆದುಕೊಳ್ಳಬಹುದು. ಒಂದರಲ್ಲಿ, ನೀನು ಗಾಲಿಕುರ್ಚಿ ಬಳಸುವ ಹದಿನಾಲ್ಕರ ಹುಡುಗ. ಇನ್ನೊಂದರಲ್ಲಿ, ನೀನು ಬ್ಯಾಂಕ್ ಮ್ಯಾನೇಜರರ ಮಗಳು. ಮತ್ತೊಂದರಲ್ಲಿ, ಕೆಲಸ ಹುಡುಕಿಕೊಂಡು ದೂರದಿಂದ ಬಂದ, ಇಲ್ಲಿನ ಭಾಷೆ ಬಾರದ ಕುಟುಂಬದ ಮಗು. ಚೀಟಿ ಓದಿದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿಸಿ. ಆ ಮಗು ಬೆಳಿಗ್ಗೆ ಎದ್ದ ತಕ್ಷಣ ಏನು ಮಾಡುತ್ತದೆ, ರಜೆಯಲ್ಲಿ ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ಹೆದರುತ್ತದೆ ಅಂತ ಯೋಚಿಸಲಿ. ಆಮೇಲೆ ವಾಕ್ಯಗಳನ್ನು ಓದಿ. ಹೌದು ಅನ್ನಿಸಿದರೆ ಹೆಜ್ಜೆ ಮುಂದೆ, ಇಲ್ಲವಾದರೆ ನಿಂತಲ್ಲೇ. ಹಿಂದೆ ಉಳಿದವರ ಚೀಟಿಯಲ್ಲಿ ಯಾರಿರಬಹುದು ಅಂತ ಬೇರೆಯವರು ಊಹಿಸಲಿ. ಆ ಊಹೆಗಳಲ್ಲೇ ಎಷ್ಟೋ ಪೂರ್ವಗ್ರಹ ಹೊರಗೆ ಬರುತ್ತದೆ. ಅದರ ಬಗ್ಗೆ ಜಾಸ್ತಿ ಹೊತ್ತು ಮಾತಾಡಿ.

1968ರ ಏಪ್ರಿಲ್ 4ರಂದು, ಅಮೆರಿಕದ ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಮರುದಿನ ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಊರಿನಲ್ಲಿ ಜೇನ್ ಎಲಿಯಟ್ ಎಂಬ ಶಿಕ್ಷಕಿ, ತಾರತಮ್ಯ ಅಂದರೆ ಏನು ಅಂತ ಮಕ್ಕಳಿಗೆ ತಿಳಿಯಲಿ ಎಂದು, ತಮ್ಮ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣ ನೋಡಿ ಎರಡು ಭಾಗ ಮಾಡಿದರು. ನೀಲಿ ಕಣ್ಣು, ಕಂದು ಕಣ್ಣು. ಒಂದು ಗುಂಪಿನವರು ಮೇಲು, ಇನ್ನೊಂದು ಗುಂಪಿನವರು ಕೀಳು ಅಂದರು. ಆಮೇಲೆ ಅದಲುಬದಲು ಮಾಡಿದರು. ಮೇಲು ಅನ್ನಿಸಿಕೊಂಡ ಮಕ್ಕಳು ಸ್ವಲ್ಪ ಹೊತ್ತಿನಲ್ಲೇ ದರ್ಪ ತೋರಿಸತೊಡಗಿದರು, ಕೀಳು ಅನ್ನಿಸಿಕೊಂಡವರು ಮುದುಡಿಕೊಂಡರು. ಈ ಪ್ರಯೋಗ ಜಗತ್ತಿನಾದ್ಯಂತ ಹೆಸರಾಯಿತು, ಟೀಕೆಗೂ ಗುರಿಯಾಯಿತು. ಆ ಶಿಕ್ಷಕಿಯ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಅವರು ನಂಬಿದ ಶಿಕ್ಷಕಿಯೇ ‘ನೀನು ಕೀಳು’ ಅನ್ನುವುದು ಸರಿಯಲ್ಲ. ಈ ಘಟನೆಯನ್ನು ಮಕ್ಕಳಿಗೆ ಕಥೆಯಾಗಿ ಹೇಳಿ, ಚರ್ಚೆ ಮಾಡಿಸಿ. ತರಗತಿಯಲ್ಲಿ ಮಾಡಿ ನೋಡಲು ಹೋಗಬೇಡಿ.

ಗುರುತಿನ ವಿಷಯಕ್ಕೆ ಬರೋಣ. ಹಾಳೆಯ ನಡುವೆ ಒಂದು ವೃತ್ತ, ಅದರೊಳಗೆ ಹೆಸರು. ಸುತ್ತ ಗೆರೆ ಎಳೆದು ಹುಡುಗ ಅಥವಾ ಹುಡುಗಿ, ಭಾಷೆ, ಧರ್ಮ, ಜಾತಿ, ಬಣ್ಣ, ಆರೋಗ್ಯ, ಮನೆಯ ದುಡಿಮೆ ಅಂತ ಬರೆಯುತ್ತಾ ಹೋಗಲಿ. ಇಷ್ಟು ಎಲ್ಲರೂ ಮಾಡಿಸುತ್ತಾರೆ. ಮುಂದಿನ ಪ್ರಶ್ನೆ ಮುಖ್ಯ. ಇವುಗಳಲ್ಲಿ ಯಾವುದು ನಿನಗೆ ದಿನವೂ ನೆನಪಾಗುತ್ತದೆ? ಯಾವುದು ನೆನಪೇ ಆಗುವುದಿಲ್ಲ? ನೆನಪಾಗದೆ ಇರುವ ಕಡೆಯೇ ಸಾಮಾನ್ಯವಾಗಿ ನಮ್ಮ ಅನುಕೂಲ ಅಡಗಿರುತ್ತದೆ. ಆ ಹಾಳೆ ಮಕ್ಕಳ ಹತ್ತಿರವೇ ಇರಲಿ. ವಾಪಸ್ ಕೇಳಬೇಡಿ, ಗೋಡೆಗೆ ಅಂಟಿಸಬೇಡಿ.

ಪೆಗ್ಗಿ ಮೆಕಿಂಟಾಶ್ ಎಂಬ ಅಮೆರಿಕದ ವಿದ್ವಾಂಸೆ 1988ರಲ್ಲಿ ಇಂಥದ್ದೇ ಒಂದು ಪಟ್ಟಿ ಬರೆದರು. ಬಿಳಿಯಳಾಗಿ ಹುಟ್ಟಿದ್ದರಿಂದ ತನಗೆ ದಿನವೂ ಸಿಗುವ ಅನುಕೂಲಗಳ ಪಟ್ಟಿ. ಗಾಯಕ್ಕೆ ಅಂಟಿಸುವ ‘ಚರ್ಮದ ಬಣ್ಣ’ದ ಬ್ಯಾಂಡೇಜ್ ತನ್ನ ಚರ್ಮಕ್ಕೇ ಹೊಂದುತ್ತದೆ ಅನ್ನುವುದೂ ಅದರಲ್ಲಿ ಒಂದು. ಎಷ್ಟು ಸಣ್ಣ ವಿಷಯ, ಆದರೆ ಎಷ್ಟು ಸರಿಯಾಗಿ ಹಿಡಿದಿದ್ದಾರೆ! ಅವರು ಪರೀಕ್ಷೆಗೆ ಒಡ್ಡಿದ್ದು ತಮ್ಮನ್ನು, ಬೇರೆಯವರ ಕಷ್ಟವನ್ನಲ್ಲ. ದೊಡ್ಡ ಮಕ್ಕಳ ಕೈಯಲ್ಲಿ ಇಂಥ ಪಟ್ಟಿ ಬರೆಸಬಹುದು. ಮೊದಲ ಪಟ್ಟಿಯನ್ನು ಶಿಕ್ಷಕರೇ ಬರೆದು ಓದಲಿ.

ಒಬ್ಬರಿಗೆ ಒಂದೇ ಗುರುತು ಇರುವುದಿಲ್ಲ ಅನ್ನುವುದಕ್ಕೂ ಒಂದು ನಿಜ ಪ್ರಸಂಗವಿದೆ. ಅಮೆರಿಕದ ಒಂದು ವಾಹನ ಕಂಪನಿಯ ಮೇಲೆ ಕೆಲವು ಕಪ್ಪು ಮಹಿಳೆಯರು, ತಮಗೆ ಕೆಲಸದಲ್ಲಿ ತಾರತಮ್ಯವಾಗಿದೆ ಅಂತ ಮೊಕದ್ದಮೆ ಹೂಡಿದ್ದರು. ಕಂಪನಿಯಲ್ಲಿ ಹೆಂಗಸರಿದ್ದರು, ಆದರೆ ಅವರು ಬಿಳಿಯರು. ಕಪ್ಪು ಜನರಿದ್ದರು, ಆದರೆ ಅವರು ಗಂಡಸರು. ಹೆಂಗಸು ಮತ್ತು ಕಪ್ಪು ಎಂಬ ಎರಡನ್ನೂ ಸೇರಿಸಿ ದೂರು ಕೊಡಲು ಬರುವುದಿಲ್ಲ ಅಂತ 1976ರಲ್ಲಿ ನ್ಯಾಯಾಲಯ ಹೇಳಿತು. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಶಾ 1989ರಲ್ಲಿ ಈ ತೀರ್ಪಿನ ಲೋಪವನ್ನು ಬಿಡಿಸಿ ತೋರಿಸಿದರು. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ನೀವೇ ನ್ಯಾಯಾಧೀಶರಾಗಿದ್ದರೆ ಏನು ತೀರ್ಪು ಕೊಡುತ್ತಿದ್ದಿರಿ ಅಂತ ಕೇಳಿ. ಒಳ್ಳೆಯ ವಾದ ನಡೆಯುತ್ತದೆ.

ಒಂದೇ ಒಂದನ್ನು ಆರಿಸು ಅಂದರೆ ನಾನು ಆರಿಸುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆ್ಯರನ್‌ಸನ್ ಅವರ ವಿಧಾನ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಬಿಳಿ, ಕಪ್ಪು, ಮೆಕ್ಸಿಕೋ ಮೂಲದ ಮಕ್ಕಳು ಹೊಸದಾಗಿ ಒಂದೇ ತರಗತಿಯಲ್ಲಿ ಕೂತಾಗ ಜಗಳಗಳು ಶುರುವಾದವು. ಆಗ ಅವರು, ಅವರ ವಿದ್ಯಾರ್ಥಿಗಳು ಸೇರಿ ಇದನ್ನು ಜಾರಿಗೆ ತಂದರು. ಪಾಠವನ್ನು ಐದಾರು ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಾರೆ. ಎರಡನೇ ತುಂಡು ಸಿಕ್ಕವರೆಲ್ಲ ಬೇರೆ ಬೇರೆ ಗುಂಪಿನಿಂದ ಬಂದು ಒಂದು ಕಡೆ ಸೇರಿ ಅದನ್ನು ಚೆನ್ನಾಗಿ ಓದಿಕೊಳ್ಳುತ್ತಾರೆ. ಆಮೇಲೆ ತಮ್ಮ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಕಲಿಸುತ್ತಾರೆ. ಕೊನೆಗೆ ಪರೀಕ್ಷೆ ಇಡೀ ಪಾಠದ ಮೇಲೆ.

ಇಲ್ಲಿ ಏನಾಗುತ್ತದೆ ನೋಡಿ. ಮಾತಾಡಲು ತಡವರಿಸುವ ಹುಡುಗನನ್ನು ಎಲ್ಲರೂ ಗೇಲಿ ಮಾಡುತ್ತಿದ್ದರು ಅಂತಿಟ್ಟುಕೊಳ್ಳಿ. ಈಗ ಮೂರನೇ ತುಂಡು ಇರುವುದು ಅವನ ಹತ್ತಿರ ಮಾತ್ರ. ಗೇಲಿ ಮಾಡಿದರೆ ಅವನು ಬಾಯಿ ಮುಚ್ಚುತ್ತಾನೆ, ಇವರ ಅಂಕ ಹೋಗುತ್ತದೆ. ಮೊದಲ ದಿನ ಸಿಡುಕುತ್ತಾರೆ. ಬರಬರುತ್ತಾ ಯಾರೋ ಒಬ್ಬಳು, ‘ಹಾಗಾದರೆ ಅದಾದ ಮೇಲೆ ಏನಾಯಿತು?’ ಅಂತ ಮೆತ್ತಗೆ ಕೇಳಲು ಕಲಿಯುತ್ತಾಳೆ. ಸಾಮಾಜಿಕ ನ್ಯಾಯ ಅನ್ನುವ ಪದ ಆ ಕೋಣೆಯಲ್ಲಿ ಒಮ್ಮೆಯೂ ಬಂದಿರುವುದಿಲ್ಲ. ಆದರೆ ಆ ಹುಡುಗನ ಮಾತಿಗೆ ಬೆಲೆ ಬಂದಿರುತ್ತದೆ. ಇದು ಒಂದೇ ದಿನ ಮಾಡಿ ಬಿಡುವ ಆಟವಲ್ಲ. ವಾರಗಟ್ಟಲೆ ನಡೆಯಬೇಕು.

ಇನ್ನು ಆಟವಾದ ಮೇಲಿನ ಮಾತು. ಇಪ್ಪತ್ತು ನಿಮಿಷ ಆಟ ಆಡಿಸಿದರೆ ನಲವತ್ತು ನಿಮಿಷ ಮಾತಿಗೆ ಇಡಿ. ಗಂಟೆ ಹೊಡೆಯುವ ಹೊತ್ತಿಗೆ ಆಟ ಮುಗಿಸಿ ಕಳಿಸಿದರೆ ಮಕ್ಕಳು ಅರೆಬರೆ ತಿಳಿದುಕೊಂಡು ಹೋಗುತ್ತಾರೆ. ಮಾತಾಡಲು ಇಷ್ಟವಿಲ್ಲದವರು ‘ನನ್ನನ್ನು ಬಿಡಿ’ ಅಂದರೆ ಕಾರಣ ಕೇಳದೆ ಬಿಡಬೇಕು. ಒಂದು ಸಮುದಾಯದ ಮಗುವನ್ನು ಎಬ್ಬಿಸಿ, ‘ನಿಮ್ಮವರಿಗೆ ಹೇಗನ್ನಿಸುತ್ತದೆ ಹೇಳು’ ಅಂತ ಯಾವತ್ತೂ ಕೇಳಬಾರದು.

ಕೊನೆಯ ಚಟುವಟಿಕೆಗೆ ಚೀಟಿಯೂ ಬೇಡ, ಪಾತ್ರವೂ ಬೇಡ. ಮಕ್ಕಳ ಗುಂಪುಗಳು ತಮ್ಮದೇ ಶಾಲೆಯನ್ನು ಒಂದು ವಾರ ಗಮನಿಸಲಿ. ಬೆಂಚು ಎತ್ತಿಡಲು ಯಾರನ್ನು ಕರೆಯುತ್ತಾರೆ, ಕಸ ಗುಡಿಸಲು ಯಾರನ್ನು? ವೇದಿಕೆ ಮೇಲೆ ನಿರೂಪಣೆ ಯಾವಾಗಲೂ ಯಾರದ್ದು? ಗಾಲಿಕುರ್ಚಿ ಗ್ರಂಥಾಲಯದ ಬಾಗಿಲು ದಾಟುತ್ತದಾ? ಪ್ರವಾಸಕ್ಕೆ ದುಡ್ಡು ಕಟ್ಟಲಾಗದವರ ಹೆಸರನ್ನು ತರಗತಿಯಲ್ಲೇ ಕೂಗಿ ಹೇಳುತ್ತಾರಾ? ಎಣಿಸಲಿ, ಅಳೆಯಲಿ, ಬರೆದುಕೊಳ್ಳಲಿ. ಆಮೇಲೆ ಬದಲಾಗಲೇಬೇಕಾದ ಒಂದು ವಿಷಯವನ್ನು ಆರಿಸಿ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಲಿ. ಮುಖ್ಯ ಶಿಕ್ಷಕರು ಆ ಅರ್ಜಿಗೆ ತಾರೀಖು ಹಾಕಿ, ಲಿಖಿತ ಉತ್ತರವನ್ನೇ ಕೊಡಬೇಕು. ಆಗದಿದ್ದರೆ ಯಾಕೆ ಆಗುವುದಿಲ್ಲ ಅನ್ನುವುದನ್ನೂ ಅದರಲ್ಲೇ ಬರೆಯಬೇಕು.

ನಮಸ್ಕಾರ.