ಇವತ್ತು ಸೌದೆ ಉರಿಸುವ ಹಾಗಿಲ್ಲ! ಯಾಕೆ?

[ತೆರೆಯ ಮೇಲೆ: ಉರಿಯುತ್ತಿರುವ ಫೈರ್‌ಪ್ಲೇಸ್]

ನಮಸ್ಕಾರ. ಅಮೆರಿಕದ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ನಮ್ಮ ಕನ್ನಡಿಗರು ತುಂಬ ಜನ ಇದ್ದಾರೆ. ಅಲ್ಲಿ ಮನೆ ಮಾಡಿದವರಿಗೆ ಚಳಿಗಾಲದಲ್ಲಿ ಬರುವ ಪ್ರಶ್ನೆ ಇದು. ಮನೆ ನಮ್ಮದು, ಸೌದೆಗೆ ದುಡ್ಡು ಕೊಟ್ಟವರೂ ನಾವೇ. ಇವತ್ತು ಬೆಂಕಿ ಹಚ್ಚಬೇಡಿ ಅನ್ನೋಕೆ ಇವರು ಯಾರು?

ಅಲ್ಲಿನ ಒಂಬತ್ತು ಕೌಂಟಿಗಳ ಗಾಳಿಯನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಯೊಂದಿದೆ. ಅದು 2008ರಲ್ಲಿ ಈ ನಿಯಮ ತಂದಿತು. ಗಾಳಿ ಕೆಡುತ್ತದೆ ಅಂತ ಅಂದಾಜು ಸಿಕ್ಕ ದಿನ 'ಸ್ಪೇರ್ ದಿ ಏರ್', ಅಂದರೆ ಗಾಳಿ ಕೆಡಿಸಬೇಡಿ ಅನ್ನುವ ಅಲರ್ಟ್ ಬರುತ್ತದೆ. ಅವತ್ತು ಸೌದೆಯನ್ನು ಮನೆಯೊಳಗೂ ಉರಿಸುವ ಹಾಗಿಲ್ಲ, ಹಿತ್ತಲಲ್ಲೂ ಉರಿಸುವ ಹಾಗಿಲ್ಲ. ಗ್ಯಾಸ್ ಮತ್ತು ಕರೆಂಟ್ ಹೀಟರಿಗೆ ಅಡ್ಡಿಯಿಲ್ಲ.

ಹೊಗೆಯಲ್ಲಿರುವ, ಪಿಎಂ 2.5 ಅಂತ ಕರೆಯುವ ನುಣ್ಣನೆಯ ಕಣಗಳು ತಲೆಗೂದಲಿಗಿಂತ ಎಷ್ಟೋ ಸಣ್ಣವು, ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ಇದು ನಿಮಗೆ ಗೊತ್ತಿರುವುದೇ.

ನನ್ನ ತಲೆಯಲ್ಲಿ ಕೂತಿದ್ದು ಬೇರೆ ಪ್ರಶ್ನೆ. ಒಲೆ ಅದೇ, ಸೌದೆ ಅದೇ, ಹೊಗೆಯೂ ಅಷ್ಟೇ. ನಿನ್ನೆ ಇಲ್ಲದ ತೊಂದರೆ ಇವತ್ತು ಎಲ್ಲಿಂದ ಬಂತು?

[ತೆರೆಯ ಮೇಲೆ: ಮಲೆನಾಡಿನ ಬೆಳಗು, ಅಡಿಕೆ ತೋಟ]

ಮಲೆನಾಡಿನವರು ಇದನ್ನು ಕಣ್ಣಾರೆ ಕಂಡಿರುತ್ತೀರಿ. ಡಿಸೆಂಬರ್ ಬೆಳಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಿರುತ್ತಾರೆ. ಹೊಗೆ ಹೆಂಚಿನಿಂದ ಸ್ವಲ್ಪ ಮೇಲೇರುತ್ತದೆ. ಆಮೇಲೆ ಯಾರೋ ಅಂಗೈ ಅಡ್ಡ ಹಿಡಿದ ಹಾಗೆ ನಿಂತುಬಿಡುತ್ತದೆ. ತೋಟದ ಮೇಲೆ ಒದ್ದೆ ಪಂಚೆ ಹರವಿದಂತೆ ಅಡ್ಡಡ್ಡ ಹಬ್ಬುತ್ತದೆ. ಬಿಸಿಲು ಏರಿದಮೇಲೆ ಎಲ್ಲ ಮಾಯ. ನೋಡಿದ್ದೀರಿ ಅಲ್ವಾ?

ಸಾಮಾನ್ಯವಾಗಿ ಹಗಲಲ್ಲಿ ನೆಲದ ಹತ್ತಿರದ ಗಾಳಿ ಬೆಚ್ಚಗಿರುತ್ತದೆ, ಮೇಲೆ ಹೋದಂತೆ ತಂಪು. ಬೆಚ್ಚಗಿನ ಗಾಳಿ ಮೇಲೇಳುವಾಗ ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಮೋಡವಿಲ್ಲದ, ಎಲೆಯೂ ಅಲ್ಲಾಡದ ಚಳಿಯ ರಾತ್ರಿ ಇದು ತಲೆಕೆಳಗಾಗುತ್ತದೆ. ನೆಲ ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ, ಅಲ್ಲೇ ಕೂತುಬಿಡುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ. ಇದಕ್ಕೆ ಇನ್‌ವರ್ಶನ್ ಅನ್ನುತ್ತಾರೆ. ನನಗೆ ಇದು ಪಾತ್ರೆಯ ಮುಚ್ಚಳ.

ಬೇ ಏರಿಯಾದ ಊರು ಸ್ಯಾನ್ ಹೋಸೆಯ ನಕ್ಷೆ ನೋಡಿ. ಎರಡೂ ಕಡೆ ಬೆಟ್ಟ, ನಡುವೆ ಕಣಿವೆ. ಪಾತ್ರೆ ಮೊದಲೇ ಇದೆ! ಮುಚ್ಚಳ ಬಿದ್ದ ರಾತ್ರಿ ಮನೆಮನೆಯ ಹೊಗೆಯೂ ಅದರೊಳಗೇ ಸುತ್ತುತ್ತದೆ. ಪಕ್ಕದ ಮನೆಯ ಉಬ್ಬಸದ ಮಗು ಉಸಿರಾಡುವುದೂ ಅದೇ ಗಾಳಿಯನ್ನು. ಅದಕ್ಕೇ ಈ ನಿಯಮ ನಿಮ್ಮ ಒಲೆಗಿಂತ ಜಾಸ್ತಿ ಆಕಾಶವನ್ನು ನೋಡುತ್ತದೆ. ಅದರ ಈ ಜಾಣತನ ನನಗೆ ತುಂಬ ಹಿಡಿಸಿತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲ ಸಲ ತಪ್ಪಿದರೆ 100 ಡಾಲರ್ ದಂಡ, ಇಲ್ಲವೇ ಸೌದೆ ಹೊಗೆಯ ಬಗ್ಗೆ ಒಂದು ಪಾಠ. ಎರಡನೇ ಸಲಕ್ಕೆ 500. ಕರೆಂಟ್ ಹೋದಾಗ ವಿನಾಯಿತಿ ಇದೆ. ಮೊದಲು ಚಳಿಗಾಲಕ್ಕಷ್ಟೇ ಇದ್ದ ನಿಯಮ, ಕಾಡ್ಗಿಚ್ಚಿನ ಹೊಗೆಯ ಕಾಟದಿಂದಾಗಿ 2019ರಲ್ಲಿ ಇಡೀ ವರ್ಷಕ್ಕೆ ಬಂತು.

ಇನ್ನೊಂದು ಊರು, ಆಸ್ಟ್ರೇಲಿಯಾದ ಲಾನ್ಸೆಸ್ಟನ್. ಅದೂ ಕಣಿವೆಯ ಊರು. ಅಲ್ಲಿ 2001ರಿಂದ ಸೌದೆ ಹೀಟರ್ ಬಿಟ್ಟು ಬೇರೆಯದಕ್ಕೆ ಹೋಗುವವರಿಗೆ ಸರ್ಕಾರವೇ ದುಡ್ಡು ಕೊಟ್ಟಿತು. ಸೌದೆ ಉರಿಸುವ ಮನೆಗಳು ನೂರಕ್ಕೆ 66 ಇದ್ದದ್ದು 30ಕ್ಕೆ ಇಳಿದವು. ಚಳಿಗಾಲದಲ್ಲಿ ಉಸಿರಾಟದ ಕಾಯಿಲೆಯಿಂದ ಆಗುವ ಸಾವು ಸುಮಾರು 28 ಶೇಕಡಾ ಕಡಿಮೆ ಆಯಿತು ಅಂತ 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೈಯಲ್ಲಿ ದುಡ್ಡಿಲ್ಲದ ಮನೆಯವರಿಗೆ ದಂಡದ ಚೀಟಿಗಿಂತ ಮೊದಲು ಇಂಥ ನೆರವು ಹೋಗಬೇಕು.