ಮಂಗಳೂರು ಹೆಂಚಿನ ಕೆಳಗೆ ಒಂದು ಗಂಟೆ

ಪೂಜ್ಯ ಸಭಾಪಾಲಕರೇ, ಕರ್ತನಲ್ಲಿ ಪ್ರಿಯರಾದ ತಂದೆತಾಯಂದಿರೇ, ಹಿಂದಿನ ಬೆಂಚುಗಳಲ್ಲಿ ಕುಳಿತು ಈಗಾಗಲೇ ಕಿಟಕಿಯಾಚೆ ನೋಡತೊಡಗಿರುವ ಮಕ್ಕಳೇ,

ನನಗೆ ಎರಡು ವಿಷಯಗಳನ್ನು ಕೊಟ್ಟಿದ್ದಾರೆ. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ಕ್ರೈಸ್ತ ಕುಟುಂಬಗಳಿಗೆ ಉತ್ತೇಜನದ ಮಾತು ಒಂದು, ಶೈಕ್ಷಣಿಕ ಪ್ರವಾಸಗಳ ಕುರಿತು ಸಲಹೆ ಇನ್ನೊಂದು. ಕಾರ್ಯಕ್ರಮದ ಪಟ್ಟಿ ಮಾಡಿದವರು ಇವೆರಡರ ನಡುವೆ ಚಹಾ ವಿರಾಮವನ್ನೂ ಇಟ್ಟಿದ್ದಾರೆ. ಚಹಾ ಬರಲಿ, ಆದರೆ ನಾನು ಎರಡನ್ನೂ ಒಂದೇ ಮಾತಾಗಿ ಆಡುತ್ತೇನೆ. 14 ವರ್ಷ ಮೂವರು ಮಕ್ಕಳನ್ನು ಊಟದ ಮೇಜಿನ ಸುತ್ತ ಓದಿಸಿದ ನನಗೆ ಭಾಷಣಗಳಿಂದ ಸಿಕ್ಕ ಧೈರ್ಯಕ್ಕಿಂತ, ನಾಲ್ಕಾರು ಮನೆಯವರ ಜೊತೆ ಬುತ್ತಿ ಕಟ್ಟಿಕೊಂಡು ಹೊರಟ ದಿನಗಳಲ್ಲಿ ಸಿಕ್ಕ ಧೈರ್ಯವೇ ಹೆಚ್ಚು ದಿನ ಬಾಳಿಕೆ ಬಂದಿದೆ.

ಹೋದ ತಿಂಗಳು ನಮ್ಮ ನಡುವಿನ ಒಬ್ಬ ತಾಯಿ ನನಗೆ ಫೋನ್ ಮಾಡಿ, ಇನ್ನು ತನ್ನಿಂದಾಗದು, ಜೂನ್‌ಗೆ ಮಕ್ಕಳನ್ನು ಶಾಲೆಗೆ ಸೇರಿಸುತ್ತೇನೆ ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಯಾವುದೋ ಅಪರಾಧ ಒಪ್ಪಿಕೊಳ್ಳುವವರ ಅಳುಕಿತ್ತು. ಶಾಲೆಗೆ ಸೇರಿಸುವುದು ಅಪರಾಧವಲ್ಲ ಎಂದು ಮೊದಲು ಹೇಳಿದೆ. ಇಲ್ಲಿಯೂ ಎಲ್ಲರಿಗೂ ಕೇಳಿಸುವಂತೆ ಹೇಳುತ್ತೇನೆ. ಆಮೇಲೆ ನನಗೆ ಎಲೀಯನ ನೆನಪಾಯಿತು. ಕಾರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ಅದರ ಬೆನ್ನಲ್ಲೇ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು, ಸಾಕು, ಪ್ರಾಣ ತೆಗೆದುಕೋ ಎಂದು ಬೇಡಿಕೊಂಡಾಗ, ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿ, ತಿನ್ನು ಎಂದ. ತಿಂದು ಮತ್ತೆ ಮಲಗಿದವನನ್ನು ಎರಡನೆಯ ಬಾರಿಯೂ ಎಬ್ಬಿಸಿ ತಿನ್ನಿಸಿದ. ಆಮೇಲೆಯೇ ದಾರಿ. ಹೋರೇಬ್ ಬೆಟ್ಟದ ಮೇಲೆ ದೇವರ ಮೆಲುದನಿ ಕೇಳಿಸಿದ್ದು 40 ದಿನ ನಡೆದ ನಂತರ. ನಮ್ಮ ಸಭೆಗಳಲ್ಲಿ ದಣಿದ ತಾಯಂದಿರಿಗೆ ನಾವು ಮೊದಲು ಕೊಡುವುದು ಮಾತು. ರೊಟ್ಟಿಯ ನೆನಪು ಬರುವುದು ಕೊನೆಯಲ್ಲಿ. ಮಾತಾಡಲು ನಿಂತಿರುವ ನನಗೂ ಈ ದೂರು ಸಲ್ಲುತ್ತದೆ.

ಆ ತಾಯಿ ದಣಿದದ್ದಾದರೂ ಏಕೆ ಎಂದು ಅವರ ಮನೆಗೆ ಹೋಗಿ ನೋಡಿದೆ. ಅಮೆರಿಕದಿಂದ ತರಿಸಿದ ಪಠ್ಯದ ಪೆಟ್ಟಿಗೆ ಮೇಜಿನ ಮೇಲಿತ್ತು. ನಮ್ಮೆಲ್ಲರ ಮನೆಯಲ್ಲೂ ಅಂಥದ್ದೊಂದು ಇದೆ, ನಗಬೇಡಿ. 36 ವಾರಗಳ ವೇಳಾಪಟ್ಟಿ, ಅದರಲ್ಲಿ 23ನೆಯ ವಾರಕ್ಕೆ ಹಿಮ ಕರಗುವುದನ್ನು ಗಮನಿಸಿ ಬರೆಯುವ ಅಭ್ಯಾಸ. ಬೆಂಗಳೂರಿನಲ್ಲಿ ಆ ತಾಯಿ ಫ್ರಿಜ್ಜಿನ ಐಸ್ ತಟ್ಟೆಯನ್ನು ಹೊರತೆಗೆದು ಮಕ್ಕಳ ಮುಂದಿಟ್ಟಿದ್ದರು. ಆ ಮಕ್ಕಳಿಗೆ 1620ರಲ್ಲಿ ಮೇಫ್ಲವರ್ ಹಡಗು ಅಟ್ಲಾಂಟಿಕ್ ದಾಟಿದ್ದು ಗೊತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದದ್ದು ಗೊತ್ತಿಲ್ಲ. ರಾಬಿನ್ ಹಕ್ಕಿಯ ಚಿತ್ರಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದ ಮಗುವಿಗೆ, ಅದೇ ಹೊತ್ತಿನಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಬಾಲ ಎತ್ತಿ ಸಿಳ್ಳೆ ಹಾಕುತ್ತಿದ್ದ ಕಪ್ಪುಬಿಳುಪಿನ ಹಕ್ಕಿಗೆ ಮಡಿವಾಳ ಎಂಬ ಹೆಸರಿರುವುದು ತಿಳಿದಿರಲಿಲ್ಲ. ಇಲ್ಲದ ಹಿಮವನ್ನು ದಿನವೂ ಮನೆಯಲ್ಲಿ ಸೃಷ್ಟಿಸಬೇಕಾದ ತಾಯಿ ದಣಿಯದೆ ಇನ್ನೇನು ಮಾಡಿಯಾಳು?

ಹಾಗೆಂದು ಹೊರನಾಡಿನ ಪುಸ್ತಕಗಳ ಮೇಲೆ ನನಗೆ ಹಗೆಯಿಲ್ಲ. ಇಂಗ್ಲೆಂಡಿನ ಷಾರ್ಲೆಟ್ ಮೇಸನ್‌ರಿಂದ ನಾನು ಬಹಳ ಕಲಿತಿದ್ದೇನೆ. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಆ ಶಿಕ್ಷಕಿ, ಮಕ್ಕಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹವೆ ಚೆನ್ನಾಗಿರುವ ದಿನಗಳಲ್ಲಿ ನಾಲ್ಕರಿಂದ ಆರು ಗಂಟೆ ಬಯಲಿನಲ್ಲಿರಬೇಕು ಎಂದು ಬರೆದರು. ಅದನ್ನು ಅಕ್ಷರಶಃ ಪಾಲಿಸಿ ಏಪ್ರಿಲ್ ಮಧ್ಯಾಹ್ನ ಕಲಬುರಗಿಯ ಬಯಲಿನಲ್ಲಿ ಮಕ್ಕಳನ್ನು ಆರು ಗಂಟೆ ಬಿಟ್ಟರೆ ಮಕ್ಕಳ ಬದಲು ಹಪ್ಪಳ ಸಿಗುತ್ತದೆ. ಜುಲೈಯಲ್ಲಿ ಆಗುಂಬೆಯಲ್ಲಿ ಬಿಟ್ಟರೆ ಹುಡುಕಿಕೊಂಡು ಬರಲು ದೋಣಿ ಬೇಕಾಗುತ್ತದೆ. ಅವರು ಬರೆದದ್ದು ಅವರ ಊರಿನ ಋತುಗಳಿಗೆ. ನಮ್ಮ ಹೊರಗಿನ ಪಾಠ ನವೆಂಬರ್‌ನಿಂದ ಫೆಬ್ರವರಿಯವರೆಗೆ, ಉಳಿದಂತೆ ಬೆಳಗಿನ 7ರಿಂದ 10ರವರೆಗೆ. ಪುಸ್ತಕದಿಂದ ತತ್ವವನ್ನು ತೆಗೆದುಕೊಂಡು ಪಂಚಾಂಗವನ್ನು ಅಲ್ಲಿಯೇ ಬಿಟ್ಟುಬರುವ ಈ ಸಣ್ಣ ಸ್ವಾತಂತ್ರ್ಯವನ್ನೂ ನಾವು ನಮಗೆ ಕೊಟ್ಟುಕೊಂಡಿಲ್ಲ.

ಇಲ್ಲಿ ನಾನು ಮಂಗಳೂರಿನ ಕಥೆ ಹೇಳಲೇಬೇಕು. ಇದನ್ನು ಮೊದಲೇ ಕೇಳಿದವರು ಕ್ಷಮಿಸಬೇಕು. ನನ್ನ ಮಗಳು ಅಲ್ಲಿ ಈಗಲೇ ತಲೆ ತಗ್ಗಿಸಿದ್ದಾಳೆ.

ಏಳು ಕುಟುಂಬಗಳು, 19 ಮಕ್ಕಳು, ಒಂದು ರಾತ್ರಿ ಬಸ್ಸು. ನಾನೇ ತಯಾರಿಸಿದ ಒಂದು ದಿನದ ಯೋಜನೆಯಲ್ಲಿ ಐದು ಸ್ಥಳಗಳಿದ್ದವು, ಪ್ರತಿ ಸ್ಥಳಕ್ಕೂ ಹತ್ತು ಪ್ರಶ್ನೆಗಳ ಮುದ್ರಿತ ಹಾಳೆಯಿತ್ತು. ಬಲ್ಮಠದಲ್ಲಿ ಆರಂಭ, ಅಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ದ ಪಾಠ, ಕನ್ನಡದ ಮೊದಲ ಪತ್ರಿಕೆಯ ಆ ದಿನವನ್ನೇ ಇಂದಿಗೂ ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆಮೇಲೆ ಮುದ್ರಣಾಲಯದ ಪಾಠ, ನೇತ್ರಾವತಿಯ ದಂಡೆ, ಕೊನೆಗೆ ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ 1899ರಿಂದ ಗೋಡೆ ಮತ್ತು ಛಾವಣಿಗಳ ತುಂಬ ಚಿತ್ರ ಬರೆದ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ. ಎಲ್ಲಕ್ಕೂ ಗಂಟೆ ನಿಮಿಷ ನಿಗದಿಯಾಗಿತ್ತು.

ಎರಡನೆಯ ಸ್ಥಳಕ್ಕೆ ಹೋಗುವ ದಾರಿಯಲ್ಲಿಯೇ ಎಲ್ಲವೂ ನಿಂತುಹೋಯಿತು. ಒಂದು ಹಳೆಯ ಮನೆಯ ಮಾಡು ಬಿಚ್ಚುತ್ತಿದ್ದರು. ಅಂಗಳದಲ್ಲಿ ಹೆಂಚುಗಳನ್ನು ಸಾಲಾಗಿ ಒರಗಿಸಿದ್ದರು. ಆಗ ಎಂಟು ವರ್ಷದ ನನ್ನ ಎರಡನೆಯ ಮಗ ಒಂದನ್ನು ಮಗುಚಿ ಹಾಕಿ, ಒಡಲಿನಲ್ಲಿ ಒತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ಬೆರಳಿನಿಂದ ತಡವುತ್ತಾ ಓದಿದ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ತಿರುಗಿ, “ಅಮ್ಮ, ಮಿಷನರಿಗಳು ಹೆಂಚು ಯಾಕೆ ಮಾಡಿದರು? ಅವರಿಗೆ ಪ್ರಸಂಗ ಮಾಡೋ ಕೆಲಸ ಇರಲಿಲ್ವಾ?” ಎಂದು ಕೇಳಿದ.

ನನ್ನ ಹಾಳೆಯಲ್ಲಿದ್ದ 50 ಪ್ರಶ್ನೆಗಳಲ್ಲಿ ಇದಿರಲಿಲ್ಲ. ಇದು ಇಡೀ 19ನೆಯ ಶತಮಾನದ ಕರಾವಳಿಯನ್ನು ಬಿಚ್ಚುವ ಪ್ರಶ್ನೆ. ಕ್ರಿಸ್ತನನ್ನು ಒಪ್ಪಿಕೊಂಡವರನ್ನು ಅವರ ಜಾತಿ ಹೊರಗೆ ಹಾಕಿದಾಗ ಅವರ ಕಸುಬೂ ಹೋಯಿತು, ಜಮೀನಿನ ಕೆಲಸವೂ ಹೋಯಿತು. ಬರಿಯ ದೀಕ್ಷಾಸ್ನಾನದಿಂದ ಹೊಟ್ಟೆ ತುಂಬುವುದಿಲ್ಲವೆಂದು ಕಂಡುಕೊಂಡ ಮಿಷನ್ ಮಗ್ಗ ಹಾಕಿತು, ಅಚ್ಚುಕೂಟ ನಡೆಸಿತು, ಅದರ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಹುಲ್ಲಿನ ಮಾಡುಗಳಿಗೆ ಬೆಂಕಿಯ ಭಯವಿತ್ತು, ವರ್ಷ ವರ್ಷ ಹೊದಿಸುವ ಖರ್ಚಿತ್ತು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಹೊಸ ಹೆಂಚಿಗೆ ಎರಡೂ ಇರಲಿಲ್ಲ. ಇಷ್ಟನ್ನು ನಾನು ಹೇಳಿದೆ. ಉಳಿದದ್ದನ್ನು ಹೇಳಿದವರು ಮಾಡು ಬಿಚ್ಚುತ್ತಿದ್ದ ಹಿರಿಯ ಬಡಗಿ. ಅವರು ನಮ್ಮ ಮಕ್ಕಳನ್ನು ಏಣಿಯ ಬುಡಕ್ಕೆ ಕರೆದು, ಇದು ಪಕ್ಕಾಸು, ಇದು ರೀಪು, ಇದು ಕೋಡಿನ ಹೆಂಚು, ಕತ್ತಲೆಯ ಅಡುಗೆಮನೆಗೆ ಬೆಳಕು ಬೀಳಲು ನಡುವೆ ಹಾಕುವ ಗಾಜಿನ ಹೆಂಚು ಇದು ಎಂದು ಒಂದೊಂದನ್ನೇ ಮುಟ್ಟಿಸಿದರು; ಹೆಂಚಿನ ಮೇಲೆ ತಂಬಿಗೆಯಿಂದ ನೀರು ಸುರಿದು, ಅದು ಯಾವ ಗೆರೆ ಹಿಡಿದು ಇಳಿಯುತ್ತದೆ ಎಂದು ತೋರಿಸಿದರು. “ನಿಮ್ಮದು ಯಾವ ಶಾಲೆ ಮಕ್ಕಳೇ?” ಎಂದು ಅವರು ಕೇಳಲಿಲ್ಲ. ನಮ್ಮ ಅನುಭವದಲ್ಲಿ ಆ ಪ್ರಶ್ನೆ ಕೇಳದ ಮೊದಲ ಮನುಷ್ಯ ಅವರು.

ಒಂದು ಗಂಟೆ ಹೋಯಿತು, ಇನ್ನರ್ಧ ಗಂಟೆಯೂ ಹೋಯಿತು. ಮೊಸ್ಕೇನಿಯ ಚಿತ್ರಗಳ ಬಳಿಗೆ ನಾವು ತಲುಪಿದಾಗ ಬಾಗಿಲು ಮುಚ್ಚುವ ಹೊತ್ತು. ಹಸಿ ಗಾರೆ ಒಣಗುವ ಮೊದಲೇ ಅದರ ಮೇಲೆ ಚಿತ್ರ ಮುಗಿಸಬೇಕಾದ ಆ ಕಲೆಯ ಬಗ್ಗೆ ನಾನು ಕಟ್ಟಿಕೊಂಡು ಹೋಗಿದ್ದ ಪಾಠವನ್ನು ಮೆಟ್ಟಿಲಿನ ಮೇಲೆ ನಿಂತು ನಾಲ್ಕು ನಿಮಿಷದಲ್ಲಿ ಮುಗಿಸಿದೆ. ಆ ರಾತ್ರಿ ಬಸ್ಸಿನಲ್ಲಿ ಮುದ್ರಿತ ಹಾಳೆಗಳು ಕಡಲೆಕಾಯಿ ಕಟ್ಟಲು ಉಪಯೋಗಕ್ಕೆ ಬಂದವು.

ಮನೆಗೆ ಬಂದ ಮೇಲೆ ಮಗ ಕಿಟ್ಟೆಲ್ ನಿಘಂಟಿನಲ್ಲಿ ಹೆಂಚನ್ನು ಹುಡುಕಿದ. ಹಂಚು ಎಂಬಲ್ಲಿ ಮಾಡಿನ ಹಂಚೂ ಸಿಕ್ಕಿತು, ಪಾಲು ಮಾಡುವ ಹಂಚೂ ಸಿಕ್ಕಿತು. “ಮಳೆ ನೀರನ್ನ ಎಲ್ಲಾ ಕಡೆ ಹಂಚುತ್ತಲ್ವಾ, ಅದಕ್ಕೇ” ಎಂದು ತಾನೇ ತೀರ್ಮಾನಿಸಿದ. ವ್ಯುತ್ಪತ್ತಿ ತಪ್ಪು, ನಾನು ಆ ದಿನ ತಿದ್ದಲಿಲ್ಲ. ಆ ನಿಘಂಟನ್ನು ಕಟ್ಟಿದವರು ಯಾರೆಂದು ಆಮೇಲೆ ಕೇಳಿದ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 21ರ ವಯಸ್ಸಿಗೆ ಮಿಷನರಿಯಾಗಿ ಇಲ್ಲಿಗೆ ಬಂದು, ಸುಮಾರು 70,000 ಶಬ್ದಗಳನ್ನು ಕೂಡಿಸಿ, 1894ರಲ್ಲಿ ಆ ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದ ಫರ್ಡಿನಾಂಡ್ ಕಿಟ್ಟೆಲ್‌ರ ಕಥೆಯನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಸಮುದ್ರದಾಚೆಯಿಂದ ಬಂದವನು ನಮ್ಮ ಗಿಡ, ಹಕ್ಕಿ, ಗಾದೆ, ಅಡುಗೆಮನೆಯ ಪಾತ್ರೆಗಳ ಹೆಸರುಗಳನ್ನು ದಶಕಗಳ ಕಾಲ ಬರೆದಿಟ್ಟುಕೊಂಡ. ಇಲ್ಲಿಯೇ ಹುಟ್ಟಿದ ನಾವು ಸಮುದ್ರದಾಚೆಯಿಂದ ಪೆಟ್ಟಿಗೆ ತರಿಸಿಕೊಂಡು, ಅದೇ ಕ್ರಿಸ್ತನ ಹೆಸರಿನಲ್ಲಿ, ಮಕ್ಕಳಿಗೆ ರಾಬಿನ್ ಹಕ್ಕಿ ಕಲಿಸುತ್ತಿದ್ದೇವೆ. ಮಿಷನರಿಗಳೆಲ್ಲ ಸಂತರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಗರ್ವವೂ ಇತ್ತು, ನಮ್ಮ ಜನರನ್ನು ಕೀಳಾಗಿ ಕಂಡ ಬರಹಗಳೂ ಇವೆ, ದೊಡ್ಡ ಮಕ್ಕಳಿಗೆ ಅದನ್ನೂ ಮುಚ್ಚಿಡದೆ ಹೇಳಬೇಕು. ಆದರೆ ಹೆಸರು ಕೇಳಿ ಕಲಿಯುವ ಆ ಶ್ರದ್ಧೆಯನ್ನು ಅವರಿಂದ ಸಾಲ ಪಡೆಯಬಹುದು. ಅಂದಿನಿಂದ ನಮ್ಮ ಗುಂಪಿನ ನಿಯಮ ಒಂದೇ: ಹೊರಗೆ ಹೋದ ಪ್ರತಿ ಮಗು ತನಗೆ ಗೊತ್ತಿರದ ಒಂದು ಕನ್ನಡ ಶಬ್ದವನ್ನು ಆ ಕೆಲಸ ಮಾಡುವವರ ಬಾಯಿಂದ ಕೇಳಿ ತರಬೇಕು.

ದೇವರ ಮಾತುಗಳನ್ನು ಮಕ್ಕಳಿಗೆ ಕಲಿಸಿರಿ ಎನ್ನುವ, ಬೈಬಲಿನ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವನ್ನು ನಾವೆಲ್ಲರೂ ಮನೆಶಿಕ್ಷಣದ ಅಡಿಗಲ್ಲೆಂದು ಉದ್ಧರಿಸುತ್ತೇವೆ. ಮನೆಯಲ್ಲಿ ಕುಳಿತಿರುವಾಗ ಎಂಬುದನ್ನು ಗಟ್ಟಿಯಾಗಿ ಓದಿ, ಅದರ ಪಕ್ಕದಲ್ಲೇ ಇರುವ ದಾರಿ ನಡೆಯುವಾಗ ಎಂಬುದನ್ನು ಮೆಲ್ಲನೆ ದಾಟಿಬಿಡುತ್ತೇವೆ. ಇಸ್ರಾಯೇಲ್ಯರ ನಾಯಕ ಯೆಹೋಶುವ ಜೋರ್ದನ್ ನದಿಯಿಂದ 12 ಕಲ್ಲುಗಳನ್ನು ಎತ್ತಿಸಿ ನಿಲ್ಲಿಸಿದ್ದಾದರೂ ಏತಕ್ಕೆ? ಮುಂದೆ ಮಕ್ಕಳು ಅದನ್ನು ಕಂಡು, ಈ ಕಲ್ಲುಗಳೇನು ಎಂದು ಕೇಳಲಿ ಎಂದು. ಅಲ್ಲಿನ ಕ್ರಮವನ್ನು ಗಮನಿಸಿ: ಮೊದಲು ಕಲ್ಲು, ಆಮೇಲೆ ಮಗುವಿನ ಪ್ರಶ್ನೆ, ಕೊನೆಗೆ ತಂದೆಯ ಉತ್ತರ. ನಮ್ಮ ಪ್ರಶ್ನಾಪಟ್ಟಿಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ.

ಕಲ್ಲು ಎಂದಾಗ ಲಾಲ್‌ಬಾಗಿನ ಬಂಡೆಯ ಮಾತು ಬರುತ್ತದೆ. ಅದು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನ ಹೇಳುತ್ತದೆ, ಮತ್ತು ಬೈಬಲಿನ ಸೃಷ್ಟಿಯ ಕಥೆಗೆ ಅದು ಹೊಂದದೆಂಬ ಅಳುಕಿನಿಂದ ನಮ್ಮಲ್ಲಿ ಕೆಲವರು ಅಲ್ಲಿನ ಫಲಕದ ಮುಂದೆ ಮಕ್ಕಳನ್ನು ಬೇಗ ಬೇಗ ದಾಟಿಸುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ನಿಲ್ಲಿಸಿ ಓದಿಸಿ. ಮಗು ಕಷ್ಟದ ಪ್ರಶ್ನೆ ಕೇಳಿದರೆ ಕೇಳಲಿ. ಫಲಕಕ್ಕೆ ಕೈ ಅಡ್ಡ ಹಿಡಿದು ಕಾಪಾಡಬೇಕಾದ ನಂಬಿಕೆಯನ್ನು ನಾವು ಮಕ್ಕಳಿಗೆ ದಾಟಿಸುತ್ತಿಲ್ಲ ಎಂದು ನಾನು ತಿಳಿದಿದ್ದೇನೆ. ಈ ವಿಷಯದಲ್ಲಿ ನನ್ನೊಡನೆ ವಾದಿಸಬೇಕೆನ್ನುವವರು ಊಟದ ಸಮಯದಲ್ಲಿ ಸಿಗಬಹುದು.

ಸಮಯದ ಚೀಟಿ ಬಂದಿದೆ. ಶ್ರೀರಂಗಪಟ್ಟಣದ ಬಗ್ಗೆ ಹೇಳಲು ಮೂರು ಪುಟ ಬರೆದುಕೊಂಡಿದ್ದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆಳಿಗ್ಗೆ ರಂಗನತಿಟ್ಟಿನ ಕೊಕ್ಕರೆಗಳನ್ನು ನೋಡಿ, ಬಿಸಿಲೇರುವ ಮೊದಲು ಗಂಜಾಂಗೆ ಬಂದು, 1799ರ ನಂತರ ಅಲ್ಲಿನ ಕ್ರೈಸ್ತರ ನಡುವೆ ಸೇವೆ ಮಾಡಿದ, ಮೈಸೂರು ಸೀಮೆಯಲ್ಲಿ ಸಿಡುಬಿಗೆ ದೇವಿ ಹಾಕಿಸಲು ಓಡಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾರ ಚರ್ಚನ್ನು ನೋಡಿ. ಹಾಸನದ ಬಳಿಯ ಶೆಟ್ಟಿಹಳ್ಳಿಯ ಚರ್ಚಿಗೆ, ಹೇಮಾವತಿಯ ಹಿನ್ನೀರು ಇಳಿದಾಗ ಒಮ್ಮೆ, ತುಂಬಿದಾಗ ಒಮ್ಮೆ, ಎರಡು ಸಲ ಹೋಗಬೇಕು. ಹೊಸ ಹೊಸ ಸ್ಥಳಗಳ ಪಟ್ಟಿ ಬೆಳೆಸುವುದಕ್ಕಿಂತ ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಹೋಗುವುದು ಖರ್ಚಿಗೂ ಹಿತ, ಕಲಿಕೆಗೂ ಹಿತ.

ಕಾನೂನಿನ ಪ್ರಶ್ನೆಗಳನ್ನು ಚೀಟಿಯಲ್ಲಿ ಕಳುಹಿಸಿದ್ದೀರಿ. 6ರಿಂದ 14 ವರ್ಷದವರ ಶಿಕ್ಷಣ ಹಕ್ಕಿನ 2009ರ ಕಾಯ್ದೆ ಮನೆಶಿಕ್ಷಣದ ಹೆಸರೆತ್ತುವುದಿಲ್ಲ. ಹತ್ತನೆಯ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗೆ 14 ತುಂಬಿದವರು ಸೇರಬಹುದು. ಉಳಿದದ್ದನ್ನು ಮಧ್ಯಾಹ್ನ ವಕೀಲರೊಬ್ಬರು ಹೇಳಲಿದ್ದಾರೆ. ವಿದ್ಯಾರ್ಥಿ ರಿಯಾಯಿತಿ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ನನ್ನ ಬಳಿ ಅನುಭವದ ಉತ್ತರವಿದೆ. ಒಂದು ಸಂಗ್ರಹಾಲಯದ ಬಾಗಿಲಿನಲ್ಲಿ ಶಾಲೆಯ ಪತ್ರ ಕೇಳಿದರು. ಅಲ್ಲಿಯೇ ಕುಳಿತು ಬರೆದು, ಮುಖ್ಯೋಪಾಧ್ಯಾಯಿನಿ ಎಂದು ನಾನೇ ಸಹಿ ಹಾಕಿ ಕೊಟ್ಟೆ. ಮೊಹರು ಎಲ್ಲಿ ಎಂದರು. ಪೂರ್ತಿ ಹಣ ಕೊಟ್ಟೆವು.

ಮುಂದಿನ ಎರಡನೆಯ ಶನಿವಾರ ಬೆಳಿಗ್ಗೆ 7 ಗಂಟೆಗೆ ಲಾಲ್‌ಬಾಗಿನ ಪಶ್ಚಿಮ ದ್ವಾರದಲ್ಲಿ ಸೇರೋಣ. ದೊಡ್ಡ ಬೂರುಗದ ಮರದ ಬುಡದಲ್ಲಿ ಮೊದಲ ಅರ್ಧ ಗಂಟೆ, ಆಮೇಲೆ ಮಕ್ಕಳು ಎಲ್ಲಿ ನಿಂತರೆ ಅಲ್ಲಿ. ಮುದ್ರಿತ ಹಾಳೆ ಬೇಡ, ಒಂದು ಪುಟ್ಟ ಟಿಪ್ಪಣಿ ಪುಸ್ತಕ, ಪೆನ್ಸಿಲ್, ಕುಡಿಯುವ ನೀರು ಸಾಕು. ಮೊದಲು ಹೇಳಿದ ಆ ತಾಯಿಯನ್ನೂ ಕರೆದಿದ್ದೇನೆ. ಶಾಲೆಗೆ ಸೇರಿಸುವ ನಿರ್ಧಾರ ಬದಲಾಗಿದೆಯೇ ಎಂದು ನಾನು ಕೇಳಿಲ್ಲ, ನೀವೂ ಯಾರೂ ಕೇಳಬೇಡಿ. ಪ್ರತಿ ಮನೆಯವರೂ ಒಂದೊಂದು ಡಬ್ಬಿ ಚಿತ್ರಾನ್ನವನ್ನೋ ಚಪಾತಿಯನ್ನೋ ಹೆಚ್ಚಾಗಿ ತನ್ನಿ. ಅವರಿಗೆ ಬರಿಗೈಯಲ್ಲಿ ಬರಲು ಹೇಳಿದ್ದೇನೆ.